ನೆರೆನಾಡುಗಳ ಪಂದ್ಯಾವಳಿ: ಪ್ರೇಕ್ಷಕರ ಅಭಿಪ್ರಾಯಗಳ ಒಂದು ವಿಮರ್ಶೆ

2023ನೆಯ ಇಸವಿಯ ಜೂನ್ 21ರಿಂದ ಜುಲೈ 4ರ ವರೆಗೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷಿಯಾ ಫುಟ್‌ಬಾಲ್ ಒಕ್ಕೂಟದ ಹದಿನಾಲ್ಕನೆಯ ಪಂದ್ಯಾವಳಿ ಜರುಗಿತು. ಭಾರತವು ಒಂಬತ್ತನೆಯ ಸಲ ಗೆದ್ದಿತು. ಗೆಲುವಿನ ಸುದ್ದಿಯನ್ನು ಪತ್ರಿಕೆಗಳು ಆಗಲೇ ಹೇಳಿ ಮುಗಿಸಿವೆ. ಆ ಪಂದ್ಯಾವಳಿಯನ್ನು ನೋಡಿದವರು ಅದನ್ನು ಕುರಿತು ಏನೆಂದರು, ಅಂದದ್ದರಲ್ಲಿ ಎಷ್ಟು ನಿಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ. ಇದು ಲೆಕ್ಕ ಹಾಕಿದ ಸಮೀಕ್ಷೆಯಲ್ಲ. ಕುಂದಗೋಳದ ನಮ್ಮ ವಿದ್ಯಾರ್ಥಿಗಳೊಡನೆ, ಅವರ ಗೆಳೆಯರೊಡನೆ, ಹುಬ್ಬಳ್ಳಿಯ ಕೆಲವು ಹಳೆಯ ಆಟಗಾರರೊಡನೆ ಎರಡು ವರ್ಷಗಳಲ್ಲಿ ಆಗೊಮ್ಮೆ ಈಗೊಮ್ಮೆ ನಡೆದ ಮಾತುಕತೆಯೇ ಇದರ ಸಾಮಗ್ರಿ. ಆ ಮಾತುಕತೆಯನ್ನು ಹಿಂದಿನ ಎಪ್ಪತ್ತು ವರ್ಷಗಳ ಸಂಗತಿಗಳ ಪಕ್ಕದಲ್ಲಿಟ್ಟು ನೋಡುವ ಯತ್ನವನ್ನು ನಾವು ಮಾಡಿದ್ದೇವೆ.

ನಮ್ಮ ಸೀಮೆಯಲ್ಲಿ ಕಾಲ್ಚೆಂಡಾಟಕ್ಕೆ ದೊಡ್ಡ ಮನ್ನಣೆಯಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಇಲ್ಲಿಯ ಕರಿಮಣ್ಣು ಮಳೆ ಬಿದ್ದರೆ ಕಾಲು ಹಿಡಿಯುತ್ತದೆ, ಬಿಸಿಲು ಬಿದ್ದರೆ ಬಿರಿಯುತ್ತದೆ. ಚೆಂಡು ಓಡುವ ನೆಲ ಅದಲ್ಲ. ಹುಡುಗರು ಆಡುವುದು ಕಬಡ್ಡಿ, ಖೋಖೋ, ವಾಲಿಬಾಲ್, ಮತ್ತು ಎಲ್ಲ ಕಡೆಯಂತೆ ಕ್ರಿಕೆಟ್. ಹಿರಿಯರು ನೋಡುವುದು ಜಾತ್ರೆಯ ಕುಸ್ತಿ. ಹೀಗಿದ್ದೂ ಆ ಜೂನ್ ತಿಂಗಳಲ್ಲಿ ನಮ್ಮ ತರಗತಿಯ ನಾಲ್ವರು ಹುಡುಗರು ಹುಬ್ಬಳ್ಳಿಯಿಂದ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ಮಳೆಯಲ್ಲಿ ನೆನೆಯುತ್ತ ಭಾರತ ಪಾಕಿಸ್ತಾನಗಳ ಪಂದ್ಯವನ್ನು ನೋಡಿ ಬಂದರು. ಉಳಿದವರು ಮೊಬೈಲಿನಲ್ಲಿ ನೋಡಿದರು. ಮರುದಿನ ತರಗತಿಯಲ್ಲಿ ಉಂಟಾದ ವಾದವೇ ನಮ್ಮನ್ನು ಈ ವಿಷಯಕ್ಕೆ ಎಳೆದದ್ದು. ಅಲ್ಲಿಯ ವರೆಗೆ, ಇಂಥ ಪಂದ್ಯಾವಳಿಯಲ್ಲಿ ಪ್ರೇಕ್ಷಕನಿಗೆ ಬೇಕಾದುದು ಪಾಕಿಸ್ತಾನದ ಸೋಲೊಂದೇ ಎಂದು ನಾವೂ ತಿಳಿದಿದ್ದೆವು. ಆ ತಿಳಿವಳಿಕೆ ತಪ್ಪಾಗಿತ್ತು.

ಆ ಪಂದ್ಯವನ್ನು ಭಾರತವು ನಾಲ್ಕು ಗೋಲುಗಳಿಂದ ಗೆದ್ದಿತು. ಸುನಿಲ್ ಛೆಟ್ರಿಯವರು ಮೂರು ಗೋಲು ಹೊಡೆದರು. ನಾಲ್ಕನೆಯದು ಉದಾಂತ ಸಿಂಗ್ ಅವರದು. ಆದರೆ ಪಾಕಿಸ್ತಾನದ ಆಟಗಾರರಿಗೆ ವೀಸಾ ದೊರೆಯುವುದು ತಡವಾಗಿ, ಅವರು ಮಾರಿಷಸ್ಸಿನಿಂದ ಹೊರಟು ಬೆಂಗಳೂರು ತಲಪಿದ್ದು ಪಂದ್ಯದ ದಿನವೇ. ಆಟ ಆರಂಭವಾದದ್ದು ಸಂಜೆ ಏಳೂವರೆಗೆ. ಮೊದಲ ಗೋಲು ಅವರ ಗೋಲ್‌ಕೀಪರನ ತಪ್ಪಿನಿಂದ ಬಂದಿತು. ಛೆಟ್ರಿಯವರ ಇನ್ನೆರಡು ಪೆನಾಲ್ಟಿಯಿಂದ ಬಂದವು. ಅರ್ಧವಿರಾಮಕ್ಕೆ ತುಸು ಮುಂಚೆ ಪಾಕಿಸ್ತಾನದ ಆಟಗಾರನೊಬ್ಬ ಗೆರೆಯ ಆಚೆಯಿಂದ ಚೆಂಡನ್ನು ಒಳಗೆ ಎಸೆಯಲು ನಿಂತಿದ್ದಾಗ, ಭಾರತದ ಅಂದಿನ ತರಬೇತುದಾರ ಇಗೋರ್ ಸ್ಟಿಮಾಚ್ ಅವರು ಆತನ ಕೈಯಿಂದ ಚೆಂಡನ್ನು ತಪ್ಪಿಸಿದರು. ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಹೋದರು; ರೆಫರಿ ಕೆಂಪು ಕಾರ್ಡು ತೋರಿಸಿ ತರಬೇತುದಾರರನ್ನು ಹೊರಗೆ ಕಳುಹಿಸಿದರು. ಪ್ರೇಕ್ಷಕಾಂಗಣ ಸಂಭ್ರಮಿಸಿತೆಂಬುದು ನಿಜ. ಮಳೆಯಲ್ಲಿ ನೆನೆದ ನಮ್ಮ ಹುಡುಗರೂ ಸಂಭ್ರಮಿಸಿದರು. ಆದರೆ ಮರುದಿನ ಅವರಲ್ಲೊಬ್ಬ ಎದ್ದು ನಿಂತು ಆಡಿದ ಮಾತು ಹೀಗಿತ್ತು: “ಅವರು ವಿಮಾನ ಇಳದು ಸೀದಾ ಕಣಕ್ಕ ಬಂದ್ರು, ನಾವು ನಾಕು ಗೋಲ ಹೊಡದ್ವಿ. ಇದು ಜೋಡಿ ಅಲ್ರಿ ಸರ.”

‘ಜೋಡಿ’ ಎಂಬ ಈ ಮಾತನ್ನು ನಮ್ಮ ಸೀಮೆಯವರಲ್ಲದ ವಾಚಕರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಜಾತ್ರೆಯ ಕುಸ್ತಿಯಲ್ಲಿ ಪೈಲವಾನರನ್ನು ಕಣಕ್ಕಿಳಿಸುವ ಮೊದಲು ಊರ ಹಿರಿಯರು ಜೋಡಿ ಹಚ್ಚುತ್ತಾರೆ. ಮೈಕಟ್ಟು, ತೂಕ, ವಯಸ್ಸು, ಹಿಂದೆ ಆಡಿದ ಕುಸ್ತಿ, ಇವನ್ನೆಲ್ಲ ಕಣ್ಣಿನಲ್ಲಿಯೇ ಅಳೆದು ಇವನಿಗೆ ಅವನು ಸರಿ ಎಂದು ನಿಲ್ಲಿಸುತ್ತಾರೆ. ಜೋಡಿ ತಪ್ಪಿದರೆ ಸುತ್ತ ಕುಳಿತ ಜನ ಸುಮ್ಮನಿರುವುದಿಲ್ಲ. ಗೆದ್ದವನು ತಮ್ಮೂರಿನವನಾದರೂ ಆ ಗೆಲುವನ್ನು ಗೆಲುವೆನ್ನುವುದಿಲ್ಲ. ನಮ್ಮ ವಿದ್ಯಾರ್ಥಿ ಕಾಲ್ಚೆಂಡಾಟದ ಶಾಸ್ತ್ರವನ್ನು ಓದಿದವನಲ್ಲ. ಕುಸ್ತಿಯ ಕಣದ ಅಂಚಿನಲ್ಲಿ ಕುಳಿತು ಕಲಿತ ನ್ಯಾಯವನ್ನು ಅವನು ಕಂಠೀರವ ಕ್ರೀಡಾಂಗಣಕ್ಕೆ ಒಯ್ದನು. ಅವನ ಮಾತಿಗೆ ಅಂದು ಬಲವಾದ ಎದುರು ಬಂದಿತು. ವೀಸಾ ಕೊಡುವುದು ಆಟಗಾರರ ಕೆಲಸವಲ್ಲ, ಎದುರಿಗೆ ಬಂದವನನ್ನು ಸೋಲಿಸುವುದಷ್ಟೇ ಆಟಗಾರರ ಕೆಲಸ, ಎಂದು ಇನ್ನೊಬ್ಬನು ವಾದಿಸಿದನು. ಅದೂ ಸರಿಯೇ. ಆಟಗಾರರನ್ನು ನಾವೂ ದೂರುವುದಿಲ್ಲ. ಪಾಕಿಸ್ತಾನವು ಮುಂದೆ, ದಣಿವಾರಿಸಿಕೊಂಡ ಮೇಲೆಯೂ, ಕುವೈತಿಗೆ ನಾಲ್ಕು ಗೋಲುಗಳಿಂದಲೂ ನೇಪಾಳಕ್ಕೆ ಒಂದು ಗೋಲಿನಿಂದಲೂ ಸೋತಿತೆಂಬುದನ್ನು ಮರೆಯಬಾರದು. ವಿಮಾನ ಒಂದು ದಿನ ಮೊದಲು ಬಂದಿದ್ದರೂ ಪ್ರಾಯಶಃ ಭಾರತವೇ ಗೆಲ್ಲುತ್ತಿತ್ತು. ಆದರೆ ಪ್ರಶ್ನೆ ಫಲಿತಾಂಶದ್ದಲ್ಲ. ಗೆಲುವಿನ ಬೆಲೆಯನ್ನು ಕಟ್ಟುವ ಹಕ್ಕು ನೋಡುವವನಿಗಿದೆ. ಅವನು ಆ ಹಕ್ಕನ್ನು ತನ್ನ ದೇಶದ ವಿರುದ್ಧವೂ ಚಲಾಯಿಸಬಲ್ಲನೆಂಬುದನ್ನು ಅಂದು ನಾವು ಕಂಡೆವು.

ಈಗ ಪಂದ್ಯಾವಳಿಯ ಒಟ್ಟು ರೂಪವನ್ನು ಕುರಿತ ಅಭಿಪ್ರಾಯಗಳಿಗೆ ಬರೋಣ. ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬಂದ ದೂರೆಂದರೆ, ಇದು ಚಿಕ್ಕವರ ಪಂದ್ಯಾವಳಿ. ಇಲ್ಲಿ ಗೆದ್ದು ಭಾರತಕ್ಕೆ ಬರುವುದೇನೂ ಇಲ್ಲ, ಎಂಬುದು. ಯೂರೋಪಿನ ಕ್ಲಬ್ಬುಗಳ ಆಟವನ್ನು ರಾತ್ರಿಯೆಲ್ಲ ಎದ್ದು ನೋಡುವ ಹುಡುಗರಲ್ಲಿ ಈ ತಾತ್ಸಾರ ಹೆಚ್ಚು. ಮೇಲುನೋಟಕ್ಕೆ ಅಂಕಿಗಳು ಅವರ ಪರವಾಗಿಯೇ ಇವೆ: 1993ರಲ್ಲಿ ಲಾಹೋರಿನಲ್ಲಿ ಸಾರ್ಕ್ ಚಿನ್ನದ ಕಪ್ ಎಂಬ ಹೆಸರಿನಿಂದ ಆರಂಭವಾದಂದಿನಿಂದ 2023ರ ವರೆಗೆ ನಡೆದ 14 ಪಂದ್ಯಾವಳಿಗಳಲ್ಲಿ ಒಂಬತ್ತು ಭಾರತದ ಪಾಲಾಗಿವೆ. ಆದರೆ ಉಳಿದ ಐದನ್ನು ಯಾರು ಗೆದ್ದರೆಂಬುದನ್ನು ಈ ತಾತ್ಸಾರಿಗಳು ನೋಡುವುದಿಲ್ಲ. 1995ರಲ್ಲಿ ಕೊಲಂಬೋದಲ್ಲಿ ಶ್ರೀಲಂಕೆ ಭಾರತವನ್ನು ಸೋಲಿಸಿತು. 2003ರಲ್ಲಿ ಢಾಕೆಯಲ್ಲಿ ಬಾಂಗ್ಲಾದೇಶ ಗೆದ್ದಿತು. 2013ರಲ್ಲಿ ಕಾಠ್ಮಂಡುವಿನಲ್ಲಿ ಅಫಘಾನಿಸ್ತಾನವು ಭಾರತವನ್ನು ಎರಡು ಗೋಲುಗಳಿಂದ ಸೋಲಿಸಿತು. ಇನ್ನು ಮಾಲ್ದೀವ್ಸ್ 2008ರಲ್ಲಿ ಮತ್ತು 2018ರಲ್ಲಿ, ಎರಡು ಸಲ, ಅಂತಿಮ ಪಂದ್ಯದಲ್ಲಿಯೇ ಭಾರತವನ್ನು ಮಣಿಸಿತು. ಮಾಲ್ದೀವ್ಸಿನ ಜನಸಂಖ್ಯೆ ಐದು ಲಕ್ಷದ ಆಸುಪಾಸು. 2011ರ ಜನಗಣತಿಯಂತೆ ನಮ್ಮ ಧಾರವಾಡ ಜಿಲ್ಲೆಯೊಂದರ ಜನಸಂಖ್ಯೆಯೇ 18 ಲಕ್ಷವನ್ನು ಮೀರಿದೆ. ನಮ್ಮ ಜಿಲ್ಲೆಯ ಮೂರನೆಯ ಒಂದು ಪಾಲಿಗಿಂತ ಕಡಿಮೆ ಜನರಿರುವ ದ್ವೀಪಗಳು ನೂರು ಕೋಟಿಗೂ ಮೇಲ್ಪಟ್ಟ ಜನರ ದೇಶವನ್ನು ಎರಡು ಸಲ ಸೋಲಿಸಿದ ಮೇಲೂ ಇದನ್ನು ಚಿಕ್ಕವರ ಪಂದ್ಯಾವಳಿಯೆಂದು ತಳ್ಳಿಹಾಕುವುದು, ಜೋಡಿಯನ್ನು ತೂಕದಿಂದಷ್ಟೇ ಅಳೆಯುವ ಹವ್ಯಾಸ. ನಮ್ಮ ಜಾತ್ರೆಯ ಹಿರಿಯರು ಅಷ್ಟು ಒಡ್ಡರಲ್ಲ.

ಇದೇ ತಾತ್ಸಾರದ ಇನ್ನೊಂದು ಮುಖವನ್ನೂ ಹೇಳಬೇಕು. 2018ರ ಜೂನಿನಲ್ಲಿ ಮುಂಬಯಿಯಲ್ಲಿ ಚೈನೀಸ್ ತೈಪೆಯೊಡನೆ ಭಾರತವು ಆಡಿದಾಗ ನೋಡಬಂದವರು 2,569 ಮಂದಿ ಮಾತ್ರ. ಛೆಟ್ರಿಯವರು ಆಗ ಬಹಿರಂಗವಾಗಿ ಬೇಡಿಕೊಂಡರು: ಬೈಯುವುದಾದರೆ ಕ್ರೀಡಾಂಗಣಕ್ಕೆ ಬಂದು ಬೈಯಿರಿ ಎಂಬುದು ಅವರ ಮಾತಿನ ತಾತ್ಪರ್ಯ. ಮುಂದಿನ ಪಂದ್ಯಕ್ಕೆ ಕ್ರೀಡಾಂಗಣ ತುಂಬಿತು. ನೋಡದೆ ಹಳಿಯುವವನ ಅಭಿಪ್ರಾಯಕ್ಕೂ ನೋಡಿ ಹಳಿಯುವವನ ಅಭಿಪ್ರಾಯಕ್ಕೂ ಇರುವ ಅಂತರವನ್ನು ಒಬ್ಬ ಆಟಗಾರ ಅಷ್ಟು ಸರಳವಾಗಿ ತೋರಿಸಿಕೊಟ್ಟದ್ದು ನಮಗೆ ಗೊತ್ತಿಲ್ಲ. ನಮ್ಮ ಈ ವಿಮರ್ಶೆಯಲ್ಲಿ ನಾವು ಲೆಕ್ಕಕ್ಕೆ ತೆಗೆದುಕೊಂಡಿರುವುದು ನೋಡಿದವರ ಮಾತುಗಳನ್ನು ಮಾತ್ರ.

ನೋಡಿದವರಲ್ಲಿ ನಿಜವಾದ ಭಿನ್ನಾಭಿಪ್ರಾಯ ಹುಟ್ಟಿದ್ದು ಅತಿಥಿಗಳ ವಿಷಯದಲ್ಲಿ. 2023ರಲ್ಲಿ ಶ್ರೀಲಂಕೆಯನ್ನು ಫಿಫಾ ಅಮಾನತಿನಲ್ಲಿಟ್ಟಿತ್ತು. ಅಫಘಾನಿಸ್ತಾನವು 2015ರಲ್ಲಿಯೇ ಈ ಒಕ್ಕೂಟವನ್ನು ಬಿಟ್ಟು ಮಧ್ಯ ಏಷಿಯಾದ ಒಕ್ಕೂಟವನ್ನು ಸೇರಿತ್ತು. ಉಳಿದವರು ಆರು ಮಂದಿ. ಎಂಟನ್ನು ತುಂಬಿಸಲು ಕುವೈತ್ ಮತ್ತು ಲೆಬನಾನ್ ದೇಶಗಳನ್ನು ಕರೆಯಲಾಯಿತು. ಫಲವೇನಾಯಿತು? ಉಪಾಂತ್ಯಕ್ಕೆ ಬಂದ ನಾಲ್ಕು ತಂಡಗಳಲ್ಲಿ ಎರಡು ಅತಿಥಿಗಳವು. 14 ವರ್ಷಗಳ ಮೇಲೆ ಉಪಾಂತ್ಯವನ್ನು ಮುಟ್ಟಿದ್ದ ಬಾಂಗ್ಲಾದೇಶವು ಹೆಚ್ಚುವರಿ ಆಟದಲ್ಲಿ ಒಂದೇ ಗೋಲಿನಿಂದ ಕುವೈತಿಗೆ ಸೋತು ಮನೆಗೆ ಹೋಯಿತು. ಭಾರತವು ಲೆಬನಾನಿನೊಡನೆ ಗೋಲಿಲ್ಲದೆ ಸಮ ಮಾಡಿ ಪೆನಾಲ್ಟಿಯಲ್ಲಿ ಗೆದ್ದಿತು. ದಕ್ಷಿಣ ಏಷಿಯಾದ ಕಪ್ಪಿಗಾಗಿ ಜುಲೈ 4ರಂದು ಭಾರತದೊಡನೆ ಸೆಣಸಿದ್ದು ಅರಬ್ಬೀ ಸಮುದ್ರದಾಚೆ, ಕೊಲ್ಲಿಯ ತುದಿಯಲ್ಲಿರುವ ಕುವೈತ್.

ಈ ಅತಿಥಿಗಳನ್ನು ಮೆಚ್ಚಿದವರ ವಾದ ಬಲವಾದದ್ದು. ಜೋಡಿ ಸರಿಯಾದದ್ದು ಅವರಿಂದಲೇ ಎಂಬುದು ಆ ವಾದ. ಕುವೈತಿನೊಡನೆ ಆಡಿದ ಎರಡೂ ಪಂದ್ಯಗಳು ಒಂದೊಂದು ಗೋಲಿನ ಸಮದಲ್ಲಿ ನಿಂತವು. ಅಂತಿಮ ಪಂದ್ಯದಲ್ಲಿ ಮೊದಲು ಗೋಲು ಹೊಡೆದವರೂ ಅವರೇ. ಪೆನಾಲ್ಟಿಗಳೂ ಸಮವಾಗಿ, ಆರನೆಯ ಒದೆತದಲ್ಲಿ ನವೋರೆಂ ಮಹೇಶ್ ಸಿಂಗ್ ಗೋಲು ಮಾಡಿ, ಕುವೈತಿನ ನಾಯಕನ ಒದೆತವನ್ನು ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ತಡೆದ ಮೇಲೆಯೇ 5–4ರ ತೀರ್ಪು ಬಂದದ್ದು. ಪಾಕಿಸ್ತಾನದ ಪಂದ್ಯಕ್ಕೆ ‘ಜೋಡಿ ಅಲ್ಲ’ವೆಂದಿದ್ದ ನಮ್ಮ ವಿದ್ಯಾರ್ಥಿಯೇ ಈ ಪಂದ್ಯವನ್ನು ನೋಡಿ ‘ಇದು ಕುಸ್ತಿ’ ಎಂದನು.

ಈ ವಾದಕ್ಕೆ ನಮ್ಮ ಊರಿನಿಂದಲೇ ಒಂದು ಬೆಂಬಲವನ್ನೂ ತೋರಿಸಬಹುದು. ಸವಾಯಿ ಗಂಧರ್ವರ ಕುಂದಗೋಳ ಇದು. ಉತ್ತರದ ಕೈರಾನಾದಿಂದ ಬಂದ ಅಬ್ದುಲ್ ಕರೀಂ ಖಾನರ ಗಾಯನವನ್ನು ಈ ಊರಿನ ಮಗ ಕಲಿತನು. ಅವರಿಂದ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು. ನಾಡಿಗೇರ ವಾಡೆಯಲ್ಲಿ ಹಾಡುವವನ ಊರು ಯಾವುದೆಂದು ಕೇಳುಗರು ಲೆಕ್ಕಿಸುವುದಿಲ್ಲ. ಅವನ ಸ್ವರ ನೆಟ್ಟಗಿದ್ದರೆ ಸಾಕು. ಹಾಗಿರುವಲ್ಲಿ ಒಳ್ಳೆಯ ಆಟವನ್ನು ತಂದ ಕುವೈತಿಗೇಕೆ ಅಡ್ಡಗೋಡೆ ಕಟ್ಟಬೇಕು ಎಂದು ಒಬ್ಬ ಸಹೋದ್ಯೋಗಿ ನಮ್ಮನ್ನು ಕೇಳಿದರು. ಈ ಪ್ರಶ್ನೆಗೆ ಉತ್ತರ ಕೊಡಲು ನಮಗೆ ಬಹಳ ದಿನ ಬೇಕಾಯಿತು. ಸಂಗೀತೋತ್ಸವದಲ್ಲಿ ಯಾರೂ ಯಾರನ್ನೂ ಸೋಲಿಸುವುದಿಲ್ಲ, ಯಾರೂ ಯಾವ ಸೀಮೆಯ ಪ್ರಶಸ್ತಿಯನ್ನೂ ಹೊತ್ತು ಹೋಗುವುದಿಲ್ಲ. ಕಪ್ಪಿನ ಮೇಲೆ ದಕ್ಷಿಣ ಏಷಿಯಾದ ಹೆಸರು ಕೆತ್ತಿದ ಮೇಲೆ ಅದನ್ನು ಕುವೈತ್ ಗೆದ್ದಿದ್ದರೆ ಆ ಹೆಸರಿನ ಗತಿ ಏನಾಗುತ್ತಿತ್ತು? ಗುರ್‌ಪ್ರೀತ್ ಸಿಂಗ್ ಅವರ ಕೈ ಗೇಣು ತಪ್ಪಿದ್ದರೆ ಆಗಿಬಿಡುತ್ತಿತ್ತು. ಬಾಂಗ್ಲಾದೇಶದ ಅಭಿಮಾನಿಯ ಸ್ಥಾನದಲ್ಲಿ ನಿಂತು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. 14 ವರ್ಷ ಕಾದು ಬಂದವನನ್ನು ನೆರೆಯವನು ಸೋಲಿಸಿದ್ದರೆ ಅವನು ಸಹಿಸಿಕೊಂಡಾನು. ಅತಿಥಿ ಸೋಲಿಸಿದರೆ ದೂರು ಯಾರ ಮೇಲೆ?

ಹಾಗಾದರೆ ಪ್ರೇಕ್ಷಕನ ಬಯಕೆಗಳು ಎರಡು: ಎದುರಾಳಿ ಸಮಬಲನಾಗಿರಬೇಕು, ಎದುರಾಳಿ ನೆರೆಯವನಾಗಿರಬೇಕು. ಬೆಂಗಳೂರಿನ ಪಂದ್ಯಾವಳಿಯಲ್ಲಿ ಮೊದಲನೆಯದು ದೊರೆತಲ್ಲಿ ಎರಡನೆಯದು ತಪ್ಪಿತು, ಎರಡನೆಯದು ಇದ್ದಲ್ಲಿ ಮೊದಲನೆಯದು ಸಿಕ್ಕಲಿಲ್ಲ. ಇದು ಈ ಭೂಭಾಗದ ಹಣೆಬರಹವೆಂದೇ ಬಹಳ ಜನ ತಿಳಿದಿದ್ದಾರೆ. ಇಲ್ಲಿಯೇ ಇತಿಹಾಸದ ವಿದ್ಯಾರ್ಥಿಗೆ ಹೇಳಲು ಒಂದು ಮಾತಿದೆ. ಈ ಬಗೆಯ ಪಂದ್ಯಾವಳಿ 1993ರಲ್ಲಿ ಹುಟ್ಟಿತೆಂದು ಎಲ್ಲರೂ ಹೇಳುತ್ತಾರೆ. ನಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬನೂ ಕೊಲಂಬೋ ಕಪ್ಪಿನ ಹೆಸರನ್ನು ಕೇಳಿರಲಿಲ್ಲ. 1952ರಿಂದ 1955ರ ವರೆಗೆ ಭಾರತ, ಪಾಕಿಸ್ತಾನ, ಸಿಲೋನ್ ಮತ್ತು ಬರ್ಮಾ ಎಂಬ ನಾಲ್ಕು ನೆರೆನಾಡುಗಳು ವರ್ಷಕ್ಕೊಮ್ಮೆ ಈ ಕಪ್ಪಿಗಾಗಿ ಆಡಿದವು: ಮೊದಲು ಕೊಲಂಬೋದಲ್ಲಿ, ಆಮೇಲೆ ರಂಗೂನಿನಲ್ಲಿ, ಕಲ್ಕತ್ತೆಯಲ್ಲಿ, ಕೊನೆಗೆ ಢಾಕೆಯಲ್ಲಿ. ನಾಲ್ಕೂ ಸಲ ಭಾರತ ಗೆದ್ದಿತು. ಆದರೆ ಮೊದಲ ವರ್ಷದ ಗೆಲುವು ಒಂಟಿಯಲ್ಲ. ಭಾರತ ಮತ್ತು ಪಾಕಿಸ್ತಾನ ಅಂದು ಜಂಟಿಯಾಗಿ ವಿಜೇತರೆನಿಸಿದವು. ದೇಶ ಹೋಳಾಗಿ ಐದು ವರ್ಷಗಳಷ್ಟೇ ಆಗಿದ್ದಾಗ, ಎರಡೂ ಕಡೆ ನಿರಾಶ್ರಿತರು ಇನ್ನೂ ನೆಲೆ ಕಾಣದಿದ್ದಾಗ, ಒಂದೇ ಕಪ್ಪಿನ ಮೇಲೆ ಎರಡು ಹೆಸರುಗಳು ಬಂದವು. ಜೋಡಿಯೂ ಸರಿ, ನೆರೆಯೂ ಸರಿ.

ಅಂದಿನ ಪ್ರೇಕ್ಷಕನ ಮನಸ್ಸು ಇಂದಿನವನ ಮನಸ್ಸಿಗಿಂತ ಸರಳವಾಗಿತ್ತೆಂದು ತಿಳಿಯಬೇಕಾಗಿಲ್ಲ. ಪಾಕಿಸ್ತಾನದ ರಾಷ್ಟ್ರೀಯ ಆಟಗಾರ ಮಸೂದ್ ಫಖ್ರಿ ಅದೇ ದಶಕದಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗಾಗಿ ಆಡಿದರು. ಆ ಕ್ಲಬ್ಬಿನ ಅಭಿಮಾನಿಗಳಲ್ಲಿ ಬಹಳ ಮಂದಿ ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದವರು. ನಮ್ಮ ಬೆಂಗಳೂರಿನ ಅಹಮದ್ ಖಾನರೂ ಧನರಾಜರೂ ಆ ಕ್ಲಬ್ಬಿನ ಹೆಸರಾಂತ ಐವರು ಮುಂಚೂಣಿ ಆಟಗಾರರಲ್ಲಿ ಇಬ್ಬರಾಗಿದ್ದರು. ಮೈಸೂರಿನವನೂ ಪಾಕಿಸ್ತಾನದವನೂ ಒಂದೇ ಕ್ಲಬ್ಬಿನ ಅಂಗಿ ತೊಟ್ಟಿದ್ದ ಕಾಲವದು; ವಾರದ ಪಂದ್ಯದಲ್ಲಿ ತನ್ನವನಾಗಿದ್ದವನು ಕಪ್ಪಿನ ಪಂದ್ಯದಲ್ಲಿ ಎದುರಾಳಿ. 1955ರಲ್ಲಿ ಢಾಕೆಯಲ್ಲಿ ಆಟ ನಡೆದಾಗ, ಹುಟ್ಟೂರಿನ ನೆಲವೇ ಪರದೇಶವಾಗಿದ್ದ ಕಲ್ಕತ್ತೆಯ ನೋಡುಗ ಯಾರಿಗಾಗಿ ಚಪ್ಪಾಳೆ ತಟ್ಟಿದನೆಂಬುದಕ್ಕೆ ಸುಲಭದ ಉತ್ತರವಿರಲಾರದು. 1956ರಲ್ಲಿ ಏಷಿಯಾ ಕಪ್ ಆರಂಭವಾಯಿತು. ದೊಡ್ಡ ಪಂದ್ಯಾವಳಿಗಳ ಕಾಲ ಬಂದಿತು. ಕೊಲಂಬೋ ಕಪ್ ಮತ್ತೆ ನಡೆಯಲಿಲ್ಲ. 1985ರಲ್ಲಿ ಢಾಕೆಯಲ್ಲಿ ಸಾರ್ಕ್ ಸಂಘಟನೆ ಹುಟ್ಟಿದಾಗ ಬರ್ಮಾ ಅದರಲ್ಲಿರಲಿಲ್ಲ. 1993ರ ಪಂದ್ಯಾವಳಿ ಆ ಸಂಘಟನೆಯ ಹೆಸರನ್ನೇ ಹೊತ್ತು ಬಂದುದರಿಂದ ಕಾಲ್ಚೆಂಡಾಟದ ನಕ್ಷೆಯಿಂದಲೂ ಬರ್ಮಾ ಜಾರಿತು. ಅಂದರೆ ನೆರೆಯವನು ಯಾರೆಂಬುದನ್ನು ಆಟದವರು ಗೊತ್ತುಮಾಡಲಿಲ್ಲ, ಕಚೇರಿಯವರು ಗೊತ್ತುಮಾಡಿಕೊಟ್ಟರು. ಸಾರ್ಕಿನ ಶೃಂಗಸಭೆಯಾದರೂ 2014ರ ಕಾಠ್ಮಂಡುವಿನ ಸಭೆಯ ಬಳಿಕ ಸೇರಿಲ್ಲ. ಗೆರೆ ಎಳೆದವರು ಎದ್ದು ಹೋಗಿದ್ದಾರೆ, ಗೆರೆ ಉಳಿದಿದೆ.

ಬರ್ಮಾದ ಮಾತನ್ನು ನಾವು ಸುಮ್ಮನೆ ಎತ್ತಲಿಲ್ಲ. 2023ರ ಅಂತಿಮ ಪಂದ್ಯದಲ್ಲಿ ಭಾರತದ ಗೋಲು ಹೊಡೆದ ಲಾಲ್ಲಿಯಾನ್‌ಜುವಾಲಾ ಛಾಂಗ್ಟೆ ಮಿಜೋರಾಮಿನವರು. ಕೊನೆಯ ಪೆನಾಲ್ಟಿಯ ಮಹೇಶ್ ಸಿಂಗ್ ಮಣಿಪುರದವರು. ಪಾಕಿಸ್ತಾನದ ಮೇಲೆ ನಾಲ್ಕನೆಯ ಗೋಲು ಹೊಡೆದ ಉದಾಂತ ಸಿಂಗ್ ಅವರದೂ ಮಣಿಪುರವೇ. ಈ ಎರಡು ರಾಜ್ಯಗಳೂ ಬರ್ಮಾದ ಗಡಿಗೆ ಹೊಂದಿಕೊಂಡಿವೆ. ಆ ದೇಶದೊಡನೆ ಭಾರತದ ಗಡಿಯ ಉದ್ದ 1,643 ಕಿಲೋಮೀಟರು. ಕಪ್ ಗೆದ್ದುಕೊಟ್ಟ ಹುಡುಗರ ಮನೆಯ ಪಕ್ಕದ ದೇಶಕ್ಕೆ ಆ ಕಪ್ಪಿನಲ್ಲಿ ಸ್ಥಳವಿಲ್ಲ, ಕುವೈತಿಗೆ ಇದೆ. ಅದೇ ವರ್ಷದ ಮಾರ್ಚಿಯಲ್ಲಿ ಇಂಫಾಲದಲ್ಲಿ ಭಾರತ, ಇಂದು ಮ್ಯಾನ್ಮಾರ್ ಎನಿಸಿಕೊಳ್ಳುವ ಬರ್ಮಾ ಹಾಗೂ ಕಿರ್ಗಿಜ್ ಗಣರಾಜ್ಯಗಳ ತ್ರಿಕೋನ ಪಂದ್ಯಾವಳಿ ನಡೆದು, ಮಾರ್ಚ್ 22ರಂದು ಭಾರತವು ಮ್ಯಾನ್ಮಾರನ್ನು ಒಂದು ಗೋಲಿನಿಂದ ಗೆದ್ದಿತು. ಕ್ರೀಡಾಂಗಣ ತುಂಬಿ ತುಳುಕಿತ್ತು. ಜೋಡಿ ಮತ್ತು ನೆರೆ ಎರಡೂ ಕೂಡಿದ ಪಂದ್ಯ ಅದು. ನಮ್ಮ ಕಡೆ ಅದನ್ನು ಯಾರೂ ನೋಡಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು, ನಾವೂ ನೋಡಲಿಲ್ಲ. ಎರಡು ತಿಂಗಳೊಳಗೆ ಮಣಿಪುರದಲ್ಲಿ ಹಿಂಸೆ ಭುಗಿಲೆದ್ದಿತು. ಜುಲೈ 4ರ ರಾತ್ರಿ ಬೆಂಗಳೂರಿನ ಪ್ರೇಕ್ಷಕರು ಒಕ್ಕೊರಲಿನಿಂದ ವಂದೇ ಮಾತರಂ ಹಾಡುತ್ತಿದ್ದ ಅದೇ ಅಂಗಳದಲ್ಲಿ, ಮಣಿಪುರದ ಇನ್ನೊಬ್ಬ ಆಟಗಾರ ಜೀಕ್‌ಸನ್ ಸಿಂಗ್ ಏಳು ಬಣ್ಣದ ಮೈತೇಯಿ ಧ್ವಜವನ್ನು ಹೊದೆದು ಪದಕ ಪಡೆಯಲು ಹೋದರು. ತಮ್ಮ ನಾಡಿನಲ್ಲಿ ಶಾಂತಿ ಬೇಕೆಂದು ಗಮನ ಸೆಳೆಯಲು ಹಾಗೆ ಮಾಡಿದೆನೆಂದು ಆಮೇಲೆ ಹೇಳಿದರು. ಅದನ್ನು ಮೆಚ್ಚಿದವರೂ ಇದ್ದರು, ಒಡಕಿನ ನಡುವೆ ಒಂದು ಪಕ್ಷದ ಗುರುತೆಂದು ಮೆಚ್ಚದವರೂ ಇದ್ದರು. ನಮ್ಮ ಹುಡುಗರಿಗೆ ಮೊದಲು ಅದೇನೆಂದೇ ಗೊತ್ತಾಗಲಿಲ್ಲ. ಕುವೈತಿನ ಧ್ವಜವನ್ನು ಗುರುತಿಸಿದವರು ಅದನ್ನು ಗುರುತಿಸಲಿಲ್ಲ.

ಗಡಿಯ ವಿಷಯದಲ್ಲಿ ಕುಂದಗೋಳದವರಿಗೆ ಒಂದು ಹಳೆಯ ಅನುಭವವಿದೆ. 1948ರ ವರೆಗೆ ಈ ತಾಲ್ಲೂಕು ಪಟವರ್ಧನರ ಜಮಖಂಡಿ ಸಂಸ್ಥಾನದ ಭಾಗವಾಗಿತ್ತು. ಜಮಖಂಡಿ ಇರುವುದು ಉತ್ತರದಲ್ಲಿ, ಕೃಷ್ಣೆಯ ಹತ್ತಿರ. ನಡುವೆ ಬ್ರಿಟಿಷರ ಮುಲಕು. ಹುಬ್ಬಳ್ಳಿ ಇಲ್ಲಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಆದರೆ ಅದು ಮುಂಬಯಿ ಇಲಾಖೆಗೆ ಸೇರಿದ್ದು. ಸಂತೆಗೆ ಹತ್ತಿಯ ಗಾಡಿ ಹೂಡಿದವನು ಸರಕಾರವನ್ನು ದಾಟಿ ಹೋಗುತ್ತಿದ್ದನು. ಅವನ ನೆರೆಯೂರು ಹುಬ್ಬಳ್ಳಿಯೋ ಜಮಖಂಡಿಯೋ? ದಫ್ತರದ ಉತ್ತರ ಒಂದು, ಗಾಡಿಯ ಎತ್ತುಗಳ ಉತ್ತರ ಇನ್ನೊಂದು. ನೆರೆ ಎಂಬುದನ್ನು ಕಾಗದದ ಮೇಲೆ ಬರೆಯುವವರು ಬೇರೆ, ದಿನನಿತ್ಯ ನಡೆಯುವವರು ಬೇರೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ತಿಳಿಸಲು ನಾವು ದೂರ ಹೋಗಬೇಕಾಗಲಿಲ್ಲ.

ಇಷ್ಟಾದ ಮೇಲೆ ನಮ್ಮ ತೀರ್ಮಾನವನ್ನು ಮುಚ್ಚಿಡುವುದು ಸರಿಯಲ್ಲ. ಅತಿಥಿಗಳನ್ನು ಕರೆದದ್ದು ತಪ್ಪಲ್ಲ. ಅವರನ್ನು ಕಪ್ಪಿನ ಸ್ಪರ್ಧೆಗೆ ಸೇರಿಸಿ ಕಪ್ಪಿನ ಹೆಸರನ್ನು ಹಾಗೆಯೇ ಬಿಟ್ಟದ್ದು ತಪ್ಪು. ಸಮಬಲರು ಬೇಕಿದ್ದರೆ ಮೊದಲು ಹುಡುಕಬೇಕಾದದ್ದು 1952ರಲ್ಲಿ ಜೊತೆಗಿದ್ದವರನ್ನು, 2013ರಲ್ಲಿ ನಮ್ಮನ್ನೇ ಸೋಲಿಸಿ ಆಮೇಲೆ ಬಿಟ್ಟು ಹೋದವರನ್ನು. ಅವರು ಈಗ ಬೇರೆ ಒಕ್ಕೂಟಗಳಲ್ಲಿದ್ದಾರೆ, ನಿಯಮ ಅಡ್ಡಬರುತ್ತದೆ ಎಂದು ಹೇಳುವವರಿದ್ದಾರೆ. ಕುವೈತ್ ಮತ್ತು ಲೆಬನಾನ್ ಕೂಡ ಬೇರೆ ಒಕ್ಕೂಟದವೇ ಆಗಿದ್ದವು. ಮತ್ತು ಬರುವ ತಂಡಕ್ಕೆ ಆಟದ ಹಿಂದಿನ ದಿನವಾದರೂ ಊರು ತಲಪುವಂತೆ ವೀಸಾ ಕೊಡಲಾಗದಿದ್ದರೆ, ಅಂಥ ಪಂದ್ಯದ ಗೆಲುವನ್ನು ಲೆಕ್ಕದಲ್ಲಿ ಇಡಬಹುದು, ಮಾತಿನಲ್ಲಿ ದೊಡ್ಡದು ಮಾಡಬಾರದು. ನಮ್ಮ ಈ ಮಾತಿಗೆ ತರಗತಿಯಲ್ಲಿ ಅರ್ಧದಷ್ಟು ಜನ ಇಂದಿಗೂ ಒಪ್ಪುವುದಿಲ್ಲ.

ಈ ಚರ್ಚೆಗೆ 2025ರಲ್ಲಿ ಅನಿರೀಕ್ಷಿತವಾದ ಒಂದು ಮುಂದುವರಿಕೆ ಒದಗಿತು. ಮಧ್ಯ ಏಷಿಯಾದ ಒಕ್ಕೂಟವು ನಡೆಸುವ ರಾಷ್ಟ್ರಗಳ ಕಪ್ಪಿಗೆ, ಮಲೇಷಿಯಾ ಹಿಂದೆಗೆದುದರಿಂದ ತೆರವಾದ ಸ್ಥಳಕ್ಕೆ, ಭಾರತವನ್ನು ಕರೆದರು. ಈಗ ಅತಿಥಿ ನಾವು. ತಜಿಕಿಸ್ತಾನದ ಹಿಸೋರಿನಲ್ಲಿ ಭಾರತವು ಆತಿಥೇಯರನ್ನು 2–1ರಿಂದ ಗೆದ್ದು, ಇರಾನಿಗೆ ಮೂರು ಗೋಲುಗಳಿಂದ ಸೋತು, ಸೆಪ್ಟೆಂಬರ್ 4ರಂದು ಅಫಘಾನಿಸ್ತಾನದೊಡನೆ ಗೋಲಿಲ್ಲದೆ ಸಮ ಮಾಡಿತು. ಕೊನೆಗೆ ಒಮಾನನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೆಯ ಸ್ಥಾನ ಪಡೆಯಿತು. ಎರಡು ವರ್ಷಗಳ ಹಿಂದೆ ಕುವೈತನ್ನು ಕರೆದದ್ದು ಸರಿಯಲ್ಲವೆಂದಿದ್ದ ಹುಡುಗರೆಲ್ಲ ಈ ಮೂರನೆಯ ಸ್ಥಾನಕ್ಕೆ ಹಿಗ್ಗಿದರು. ಅವರಲ್ಲೊಬ್ಬ, ಈಗ ಪದವಿ ಮುಗಿಸಿ ಹುಬ್ಬಳ್ಳಿಯಲ್ಲಿ ಕೆಲಸಕ್ಕಿರುವವನು, ಒಂದು ಸಂಜೆ ಕಾಲೇಜಿಗೆ ಬಂದಿದ್ದಾಗ, ಅಫಘಾನಿಸ್ತಾನದವರೊಡನೆ ಆಡಲು ನಾವು ತಜಿಕಿಸ್ತಾನಕ್ಕೆ ಅತಿಥಿಯಾಗಿ ಹೋಗಬೇಕಾಯಿತಲ್ಲ, ಅವರು ಮೊದಲು ನಮ್ಮಲ್ಲಿಯೇ ಇದ್ದರಲ್ಲ, ಎಂದನು. ನಾವು ತರಗತಿಯ ಗೋಡೆಯ ಮೇಲಿದ್ದ ಭಾರತದ ಭೂಪಟವನ್ನು ತೋರಿಸಿದೆವು. ಸರಕಾರದ ಲೆಕ್ಕದಂತೆ ಆ ದೇಶದೊಡನೆ ನಮಗೆ 106 ಕಿಲೋಮೀಟರಿನ ಗಡಿಯಿದೆ. ಅವನು ಹತ್ತಿರ ಹೋಗಿ ಬೆರಳಿನಿಂದ ಆ ಗೆರೆಯನ್ನು ಹುಡುಕಿದನು. ಆಮೇಲೆ ಬೆರಳನ್ನು ಬಲಕ್ಕೆ ಬಹಳ ದೂರ ಜರುಗಿಸಿ, ಮಣಿಪುರದ ಬಳಿ ನಿಲ್ಲಿಸಿ, ಅಲ್ಲಿಂದ ಆಚೆ ಏನಿದೆಯೆಂದು ಓದತೊಡಗಿದನು.